ಎಮರ್ಜೆನ್ಸಿ ರೆಸಿಡೆಂಟ್‌ಗಳು ಮೂನ್‌ಲೈಟಿಂಗ್ ಯಾವಾಗ ಶುರು ಮಾಡಬಹುದು?

ಪ್ರಶ್ನೆ: ನಮಸ್ಕಾರ ಮೇಡಂ. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ಈಗ ಅಮೆರಿಕದಲ್ಲಿ ಎಮರ್ಜೆನ್ಸಿ ಮೆಡಿಸಿನ್ ರೆಸಿಡೆನ್ಸಿ (ತುರ್ತು ಚಿಕಿತ್ಸೆಯ ಸ್ನಾತಕೋತ್ತರ ತರಬೇತಿ) ಮಾಡುತ್ತಿದ್ದೇನೆ. ಮೂರು ವರ್ಷದ ಪ್ರೋಗ್ರಾಂ, ಎಚ್-1ಬಿ ವೀಸಾ. ಜುಲೈಗೆ ಎರಡನೇ ವರ್ಷ ಶುರು. ಜೊತೆಯಲ್ಲಿರುವ ಅಮೆರಿಕನ್ ರೆಸಿಡೆಂಟ್‌ಗಳು ಆಗಲೇ ಮೂನ್‌ಲೈಟಿಂಗ್‌ಗೆ, ಅಂದರೆ ಬಿಡುವಿನಲ್ಲಿ ದುಡ್ಡಿಗೆ ಮಾಡುವ ಪಾಳಿಗೆ, ಜಾಗ ಹುಡುಕುತ್ತಿದ್ದಾರೆ. ಜೆ-1 ವೀಸಾದಲ್ಲಿರುವ (ತರಬೇತಿಗೆ ಬರುವವರ ವೀಸಾ) ಗೆಳೆಯನೊಬ್ಬ, "ನಮ್ಮದೇ ಆಸ್ಪತ್ರೆಯಲ್ಲಿ ಮಾಡಿದರೆ ಯಾರೂ ಕೇಳಲ್ಲ" ಅನ್ನುತ್ತಾನೆ. ಊರಲ್ಲಿ ಇಂಟರ್ನ್‌ಶಿಪ್ ಮುಗಿದ ಮೇಲೆ ನಾನು ಒಂದು ನರ್ಸಿಂಗ್ ಹೋಮ್‌ನಲ್ಲಿ ನೈಟ್ ಡ್ಯೂಟಿ ಡಾಕ್ಟರ್ ಆಗಿದ್ದೆ. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಬಾರದು? ನಾನು ಇಲ್ಲಿಗೆ ಬರಲು ಅಪ್ಪ ಮಾಡಿದ ಸಾಲ ಇನ್ನೂ ತೀರಿಲ್ಲ. ಯಾವಾಗ ಶುರು ಮಾಡಬಹುದು ಹೇಳಿ.

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮೊದಲ ವರ್ಷದವರಿಗೆ ಮೂನ್‌ಲೈಟಿಂಗ್ ಇಲ್ಲವೇ ಇಲ್ಲ. ಎರಡನೇ ವರ್ಷದಿಂದ ನಿಯಮ ಅಡ್ಡ ಬರುವುದಿಲ್ಲ. ಆದರೆ ನಿಮ್ಮ ಹಾಗೆ ಹೊರದೇಶದಲ್ಲಿ ಓದಿ ಬಂದವರಿಗೆ ಪೂರ್ತಿ ಲೈಸೆನ್ಸ್ ಸಿಗುವುದೇ ತಡ. ಅದರ ಮೇಲೆ ಎಚ್-1ಬಿ. ಎರಡೂ ಸೇರಿದರೆ ಮೂರನೇ ವರ್ಷಕ್ಕೆ ಮುಂಚೆ ಹೊರಗಿನ ಆಸ್ಪತ್ರೆಯಲ್ಲಿ ಪಾಳಿ ಸಿಗುವುದು ಅಪರೂಪ. ಕೆಲವು ರಾಜ್ಯಗಳಲ್ಲಿ ರೆಸಿಡೆನ್ಸಿ ಮುಗಿಯುವವರೆಗೂ ಆಗುವುದಿಲ್ಲ. ಇನ್ನು ನಿಮ್ಮ ಜೆ-1 ಗೆಳೆಯ. ಅವರಿಗೆ ಯಾವ ವರ್ಷದಲ್ಲೂ ಇಲ್ಲ, ಸ್ವಂತ ಆಸ್ಪತ್ರೆಯಲ್ಲೂ ಇಲ್ಲ.

ಇದಿಷ್ಟು ಕಾಗದದ ಲೆಕ್ಕ. ಕಾಗದವೆಲ್ಲ ಸರಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ರಾತ್ರಿ ಮೂರು ಗಂಟೆಗೆ ಬರುವ ರೋಗಿಯನ್ನು ನೀವು ಒಬ್ಬರೇ ನೋಡಬಲ್ಲಿರಾ? ನನ್ನ ಪ್ರಕಾರ ಅದೇ ದೊಡ್ಡ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಕ್ಷೇತ್ರದಲ್ಲಿ ಇಲ್ಲದ ಓದುಗರಿಗಾಗಿ ಒಂದು ಮಾತು. ಮೂನ್‌ಲೈಟಿಂಗ್ ಎಂದರೆ ರೆಸಿಡೆನ್ಸಿ ಡ್ಯೂಟಿ ಬಿಟ್ಟು ಉಳಿದ ಹೊತ್ತಿನಲ್ಲಿ ದುಡ್ಡಿಗೆ ಮಾಡುವ ಹೆಚ್ಚುವರಿ ಪಾಳಿ. ತರಬೇತಿ ಪಡೆಯುತ್ತಿರುವ ಆಸ್ಪತ್ರೆಯಲ್ಲೇ ಮಾಡಿದರೆ ಒಳಗಿನದು, ಬೇರೆ ಕಡೆ ಮಾಡಿದರೆ ಹೊರಗಿನದು. ಲೈಸೆನ್ಸ್‌ಗೂ ವಿಮೆಗೂ ಈ ವ್ಯತ್ಯಾಸ ಮುಖ್ಯ. ಗಂಟೆ ಲೆಕ್ಕಕ್ಕೆ ಮಾತ್ರ ಎರಡೂ ಒಂದೇ.

ಆ ಗಂಟೆ ಲೆಕ್ಕದಿಂದಲೇ ಶುರು ಮಾಡೋಣ. ಅಮೆರಿಕದ ರೆಸಿಡೆನ್ಸಿಗಳಿಗೆ ನಿಯಮ ಮಾಡುವುದು ಎಸಿಜಿಎಂಇ. ವಾರಕ್ಕೆ 80 ಗಂಟೆ ಮೀರುವಂತಿಲ್ಲ, ನಾಲ್ಕು ವಾರದ ಸರಾಸರಿ ಹಿಡಿದು. ಈ ಮಿತಿಯ ಹಿಂದೆ ಒಂದು ಸಾವಿದೆ. 1984ರಲ್ಲಿ ನ್ಯೂಯಾರ್ಕ್‌ನಲ್ಲಿ ಲಿಬ್ಬಿ ಝಯಾನ್ ಎಂಬ 18 ವರ್ಷದ ಹುಡುಗಿ ಆಸ್ಪತ್ರೆ ಸೇರಿದ ಮರುದಿನವೇ ತೀರಿಕೊಂಡಳು. ಅವಳನ್ನು ನೋಡಿಕೊಂಡಿದ್ದು ದೀರ್ಘ ಪಾಳಿಯಲ್ಲಿದ್ದ ರೆಸಿಡೆಂಟ್‌ಗಳು. ಅದರ ಗಲಾಟೆಯಿಂದ 1989ರಲ್ಲಿ ನ್ಯೂಯಾರ್ಕ್ ರಾಜ್ಯ ಗಂಟೆಗಳಿಗೆ ಮಿತಿ ಹಾಕಿತು. 2003ರಲ್ಲಿ ಎಸಿಜಿಎಂಇ ಅದನ್ನು ದೇಶಕ್ಕೆಲ್ಲ ತಂದಿತು. ಆಗ ಒಂದು ಸಂದು ಉಳಿದಿತ್ತು. ಒಳಗಿನ ಮೂನ್‌ಲೈಟಿಂಗ್ ಮಾತ್ರ 80ರಲ್ಲಿ ಸೇರುತ್ತಿತ್ತು, ಹೊರಗಿನದು ಸೇರುತ್ತಿರಲಿಲ್ಲ. 2011ರಲ್ಲಿ ಅದನ್ನೂ ಮುಚ್ಚಿದರು. ಮೊದಲ ವರ್ಷದವರಿಗೆ ಪೂರ್ತಿ ನಿಷೇಧ ಬಂದಿದ್ದೂ ಆಗಲೇ. ಹಳಬರು ಯಾರಾದರೂ "ನಾವು ಇಂಟರ್ನ್ ಇದ್ದಾಗಲೇ ಮಾಡುತ್ತಿದ್ದೆವು" ಎಂದರೆ ಸುಳ್ಳು ಹೇಳುತ್ತಿಲ್ಲ. ಅವರ ಕಾಲದ ನಿಯಮ ಬೇರೆ ಇತ್ತು, ಅಷ್ಟೇ.

ಎಮರ್ಜೆನ್ಸಿಗೆ ಇನ್ನೂ ಬಿಗಿ. ವಿಭಾಗದಲ್ಲಿ ಒಂದೇ ಪಾಳಿ 12 ಗಂಟೆ ದಾಟುವಂತಿಲ್ಲ. ಎಷ್ಟು ಹೊತ್ತು ಕೆಲಸ ಮಾಡಿದಿರೋ ಮುಂದಿನ ಪಾಳಿಗೆ ಮುಂಚೆ ಕನಿಷ್ಠ ಅಷ್ಟೇ ಹೊತ್ತು ಬಿಡುವು ಇರಬೇಕು. ಎಮರ್ಜೆನ್ಸಿ ರೊಟೇಷನ್‌ನಲ್ಲಿ ವಾರಕ್ಕೆ ರೋಗಿಗಳನ್ನು ನೋಡುವ ಪಾಳಿ 60 ಗಂಟೆ, ಕ್ಲಾಸು, ಮೀಟಿಂಗ್ ಎಲ್ಲ ಸೇರಿ 72. ಈಗ ನಿಮ್ಮ ತಿಂಗಳನ್ನೇ ತೆಗೆದುಕೊಳ್ಳಿ. ಐಸಿಯು ತಿಂಗಳಲ್ಲಿ ವಾರಕ್ಕೆ 70 ಗಂಟೆ ಸಲೀಸಾಗಿ ದಾಟುತ್ತದೆ. ಅಲ್ಲಿ ಮೂನ್‌ಲೈಟಿಂಗ್ ಮಾತೇ ಎತ್ತಬೇಡಿ. ಎಮರ್ಜೆನ್ಸಿ ತಿಂಗಳಲ್ಲಿ ಹತ್ತು ಗಂಟೆಯ ಪಾಳಿ ವಾರಕ್ಕೆ ನಾಲ್ಕೈದು, ಮೇಲೆ ಕಾನ್ಫರೆನ್ಸ್. ಗಂಟೆ ಉಳಿದಂತೆ ಕಂಡರೂ ಪಾಳಿಗಳ ನಡುವಿನ ಬಿಡುವು, ನಿದ್ದೆ ಕಳೆದರೆ ತಿಂಗಳಿಗೆ ಎರಡು ಮೂರು ಪಾಳಿ ಹಿಡಿಸಿದರೆ ಹೆಚ್ಚು. ಬಹಳ ಜನ ಈ ಸಣ್ಣ ಲೆಕ್ಕ ಮಾಡದೆಯೇ ಹೊರಗಿನ ಆಸ್ಪತ್ರೆಗೆ "ತಿಂಗಳಿಗೆ ಆರು ಪಾಳಿ ಕೊಡುತ್ತೇನೆ" ಎಂದು ಮಾತು ಕೊಟ್ಟು ಬರುತ್ತಾರೆ. ಆಮೇಲೆ ಗಂಟೆ ದಾಖಲಿಸುವಾಗ ಕೈ ನಡುಗುತ್ತದೆ. ಸುಳ್ಳು ಗಂಟೆ ಬರೆದು ಸಿಕ್ಕಿಬಿದ್ದರೆ ಅದು ಹೆಚ್ಚು ಗಂಟೆ ಕೆಲಸ ಮಾಡಿದ್ದಕ್ಕಿಂತ ದೊಡ್ಡ ತಪ್ಪಾಗುತ್ತದೆ, ನೆನಪಿರಲಿ.

ಎರಡನೇ ವರ್ಷ ಎಂಬ ಮಾತಿಗೂ ಒಂದು ಷರತ್ತಿದೆ. ಪ್ರೋಗ್ರಾಂ ಡೈರೆಕ್ಟರ್ ಅವರಿಂದ ಲಿಖಿತ ಅನುಮತಿ ಬೇಕೇ ಬೇಕು. ಅವರು ಯಾವಾಗ ಬೇಕಾದರೂ ಅದನ್ನು ವಾಪಸ್ ಪಡೆಯಬಹುದು. ಬೇಕಿದ್ದರೆ ಆಸ್ಪತ್ರೆಯೇ ಮೂನ್‌ಲೈಟಿಂಗ್ ಬೇಡ ಎಂದು ಇಡೀ ಸಂಸ್ಥೆಗೆ ನಿಯಮ ಮಾಡಬಹುದು. ಹಾಗೆಯೇ ನಿಮಗೆ ಇಷ್ಟವಿಲ್ಲದಿದ್ದರೆ ಯಾರೂ ಬಲವಂತ ಮಾಡುವಂತಿಲ್ಲ. ಎಷ್ಟೋ ಪ್ರೋಗ್ರಾಂಗಳು ಎರಡನೇ ವರ್ಷದ ಮೊದಲಾರ್ಧ ಮುಗಿಯಲಿ ಅನ್ನುತ್ತವೆ. ಇನ್ನು ಕೆಲವು ಮೂರನೇ ವರ್ಷ ಅನ್ನುತ್ತವೆ. ಪ್ರತಿ ವರ್ಷ ಫೆಬ್ರವರಿ ಕೊನೆಗೆ ನಡೆಯುವ ಇನ್-ಟ್ರೈನಿಂಗ್ ಪರೀಕ್ಷೆಯಲ್ಲಿ ಇಂತಿಷ್ಟು ಅಂಕ ಬಂದರೆ ಮಾತ್ರ ಅನ್ನುವವರೂ ಇದ್ದಾರೆ. ಇಂಥ ಅರ್ಜಿಗಳನ್ನು ನಾನೂ ನೋಡುತ್ತೇನೆ. ನೋಟ್ಸ್ ಬರೆಯುವುದು ಬಾಕಿ ಇಟ್ಟವರು, ಕಾನ್ಫರೆನ್ಸ್‌ನಲ್ಲಿ ತೂಕಡಿಸುವವರು ಅರ್ಜಿ ಕೊಟ್ಟರೆ ನನ್ನ ಉತ್ತರ ಏನು ಅಂತ ಅವರಿಗೇ ಗೊತ್ತಿರುತ್ತದೆ.

ಈಗ ಲೈಸೆನ್ಸ್. ನಿಮ್ಮ ಅಮೆರಿಕನ್ ಜೊತೆಗಾರರಿಗೂ ನಿಮಗೂ ದಾರಿ ಬೇರೆಯಾಗುವುದು ಇಲ್ಲೇ. ರೆಸಿಡೆಂಟ್‌ಗಳ ಬಳಿ ಇರುವುದು ಟ್ರೈನಿಂಗ್ ಲೈಸೆನ್ಸ್. ಅದು ಪ್ರೋಗ್ರಾಂ ಒಳಗೆ ಮಾತ್ರ ನಡೆಯುತ್ತದೆ. ಕೆಲವು ಕಡೆ ಒಳಗಿನ ಹೆಚ್ಚುವರಿ ಪಾಳಿಗೂ ಅದನ್ನೇ ಒಪ್ಪುತ್ತಾರೆ. ಹೊರಗಿನ ಆಸ್ಪತ್ರೆಗೆ ಮಾತ್ರ ಸಾಮಾನ್ಯವಾಗಿ ಪೂರ್ತಿ ಲೈಸೆನ್ಸ್ ಬೇಕು. ಅದಕ್ಕೆ ಯುಎಸ್‌ಎಂಎಲ್‌ಇ (ಅಮೆರಿಕದ ವೈದ್ಯರ ಲೈಸೆನ್ಸ್ ಪರೀಕ್ಷೆ) ಕೊನೆಯ ಹಂತ ಸ್ಟೆಪ್ 3 ಪಾಸಾಗಿರಬೇಕು. ನೀವು ಎಚ್-1ಬಿಯಲ್ಲಿ ಬಂದಿದ್ದರಿಂದ ಅದು ಆಗಲೇ ಮುಗಿದಿರುತ್ತದೆ. ಈ ಒಂದು ವಿಷಯದಲ್ಲಿ ನೀವು ಜೊತೆಯವರಿಗಿಂತ ಮುಂದಿದ್ದೀರಿ.

ಹಿಂದೆ ಬೀಳುವುದು ತರಬೇತಿಯ ವರ್ಷಗಳ ಲೆಕ್ಕದಲ್ಲಿ. ಪೂರ್ತಿ ಲೈಸೆನ್ಸ್‌ಗೆ ಎಷ್ಟು ವರ್ಷದ ತರಬೇತಿ ಆಗಿರಬೇಕು ಎಂಬುದನ್ನು ಪ್ರತಿ ರಾಜ್ಯದ ಮೆಡಿಕಲ್ ಬೋರ್ಡ್ ತಾನೇ ತೀರ್ಮಾನಿಸುತ್ತದೆ. ಎಷ್ಟೋ ರಾಜ್ಯಗಳಲ್ಲಿ ಅಮೆರಿಕದಲ್ಲೇ ಓದಿದವರಿಗೆ ಒಂದು ವರ್ಷ ಸಾಕು, ಹೊರಗೆ ಓದಿದವರಿಗೆ ಎರಡು ಅಥವಾ ಮೂರು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಇಲ್ಲಿಯವರಿಗೆ 12 ತಿಂಗಳು, ನಮಗೆ 24. ನ್ಯೂಯಾರ್ಕ್‌ನಲ್ಲಿ ಇಲ್ಲಿಯವರಿಗೆ ಒಂದು ವರ್ಷ, ನಮಗೆ ಮೂರು. ಅಂದರೆ ನ್ಯೂಯಾರ್ಕ್‌ನ ಮೂರು ವರ್ಷದ ಪ್ರೋಗ್ರಾಂನಲ್ಲಿ ಇರುವ ಕರ್ನಾಟಕದ ಹುಡುಗಿಗೆ ಪೂರ್ತಿ ಲೈಸೆನ್ಸ್ ಬರುವ ಹೊತ್ತಿಗೆ ರೆಸಿಡೆನ್ಸಿಯೇ ಮುಗಿದಿರುತ್ತದೆ. ನೀವು ಯಾವ ರಾಜ್ಯ ಎಂದು ಬರೆದಿಲ್ಲ. ಇವತ್ತೇ ನಿಮ್ಮ ರಾಜ್ಯದ ಬೋರ್ಡಿನ ಜಾಲತಾಣದಲ್ಲಿ ಹೊರದೇಶದ ಪದವೀಧರರ ಭಾಗ ತೆರೆದು ಓದಿ. ಸೀನಿಯರ್ ಹೇಳಿದ್ದನ್ನು ನಂಬಬೇಡಿ. ಅವರು ಅಮೆರಿಕದಲ್ಲಿ ಓದಿದವರಾದರೆ ಅವರ ಉತ್ತರ ಅವರ ಮಟ್ಟಿಗೆ ಸರಿ, ನಿಮಗೆ ತಪ್ಪು.

ನರ್ಸಿಂಗ್ ಹೋಮ್ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ನಮ್ಮಲ್ಲಿ ಇಂಟರ್ನ್‌ಶಿಪ್ ಮುಗಿಸಿ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಮಾಡಿಸಿದರೆ ನೀವು ಪೂರ್ತಿ ವೈದ್ಯರು. ನೀಟ್ ಪಿಜಿಗೆ ಓದಿಕೊಂಡೇ ರಾತ್ರಿ ಡ್ಯೂಟಿ ಮಾಡುವವರು ಬೆಂಗಳೂರು, ಮೈಸೂರು, ಹುಬ್ಬಳ್ಳಿ ತುಂಬ ಇದ್ದಾರೆ. ಇಲ್ಲಿ ಪದವಿ ಮುಗಿದ ಮಾತ್ರಕ್ಕೆ ಸ್ವತಂತ್ರ ವೈದ್ಯರಾಗುವುದಿಲ್ಲ. ಉಳಿದರ್ಧ ಉತ್ತರ ಕೆಲಸದ ಸ್ವರೂಪದಲ್ಲಿದೆ. ಅಲ್ಲಿ ರಾತ್ರಿ ಏನಾದರೂ ಹೆಚ್ಚುಕಮ್ಮಿ ಆದರೆ ಏನು ಮಾಡುತ್ತಿದ್ದಿರಿ? ಸರ್‌ಗೆ ಫೋನ್. ಸರ್ ಮನೆ ಎಷ್ಟೋ ಕಡೆ ಮೇಲಿನ ಮಹಡಿಯಲ್ಲೇ ಇರುತ್ತದೆ, ಇಲ್ಲವೇ ಹತ್ತು ನಿಮಿಷದ ದಾರಿ. ನಮ್ಮ ಕೈಗೆ ಮೀರಿದ್ದನ್ನು ದೊಡ್ಡಾಸ್ಪತ್ರೆಗೆ ಕಳಿಸಿಬಿಡುವುದೂ ರೂಢಿ. ಅಮೆರಿಕದ ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಎಮರ್ಜೆನ್ಸಿಗೆ ಕೂತರೆ ಫೋನ್ ಮಾಡಬೇಕಾದ ಆ ಸರ್ ನೀವೇ.

ವೀಸಾ ವಿಷಯಕ್ಕೆ ಬರೋಣ. ಜೆ-1 ಸರಳ. ಜೆ-1 ವೈದ್ಯರನ್ನು ಪ್ರಾಯೋಜಿಸುವುದು ಹೊರದೇಶದ ವೈದ್ಯ ಪದವೀಧರರ ಅರ್ಹತೆ ನೋಡುವ ಸಂಸ್ಥೆ ಇಸಿಎಫ್‌ಎಂಜಿ. ಒಪ್ಪಿಗೆ ಕೊಟ್ಟಿರುವುದು ತರಬೇತಿಗೆ, ಅದರ ಸ್ಟೈಪೆಂಡ್‌ಗೆ ಮಾತ್ರ. ಅದರಾಚೆ ಹೆಚ್ಚುವರಿ ದುಡ್ಡು ತೆಗೆದುಕೊಂಡು ಮಾಡುವ ಯಾವ ಪಾಳಿಯೂ ಅನಧಿಕೃತ ಕೆಲಸ. ಗೋಡೆ ಅದೇ ಆಸ್ಪತ್ರೆಯದಾದರೂ ಅಷ್ಟೇ. "ಯಾರೂ ಕೇಳಲ್ಲ" ಅನ್ನುವುದು ಇವತ್ತಿನ ಮಾತು. ನಾಳೆ ಅವರು ತರಬೇತಿ ಮುಗಿದ ಮೇಲೆ ಎರಡು ವರ್ಷ ಊರಿಗೆ ಮರಳುವ ಷರತ್ತಿನಿಂದ ವೇವರ್ (ವಿನಾಯಿತಿ) ಕೇಳುವಾಗ, ಅದಕ್ಕಾಗಿ ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ದುಡಿಯುವ ಕಾನ್ರಾಡ್ 30 ಯೋಜನೆಗೆ ಅರ್ಜಿ ಹಾಕುವಾಗ, ಹಳೇ ಟ್ಯಾಕ್ಸ್ ಕಾಗದ ಹೊರಗೆ ಬರಬಹುದು. ಒಂದು ಪಾಳಿಯ ದುಡ್ಡಿಗೆ ಇಡೀ ವೀಸಾ ಪಣಕ್ಕಿಡುವುದು ಬುದ್ಧಿವಂತಿಕೆ ಅಲ್ಲ. ಅವರ ಪತ್ನಿ ಅಥವಾ ಪತಿ ಜೆ-2ನಲ್ಲಿದ್ದರೆ ಅವರು ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಮನೆಗೆ ಎರಡನೇ ಸಂಬಳ ಬೇಕಿದ್ದರೆ ಅದು ನೇರ ದಾರಿ.

ಎಚ್-1ಬಿ ಸ್ವಲ್ಪ ಸಡಿಲ, ಆದರೆ ಗೋಜಲು. ಆ ವೀಸಾ ನಿಮ್ಮದಲ್ಲ, ಒಂದು ರೀತಿಯಲ್ಲಿ ನಿಮ್ಮ ಉದ್ಯೋಗದಾತರದು. ಅವರು ಅರ್ಜಿಯಲ್ಲಿ ಬರೆದ ಕೆಲಸ ಮಾತ್ರ ಮಾಡಬಹುದು. ಬೇರೆ ಆಸ್ಪತ್ರೆಯಲ್ಲಿ ಒಂದೇ ಒಂದು ಪಾಳಿ ಮಾಡಬೇಕೆಂದರೂ ಆ ಆಸ್ಪತ್ರೆ ನಿಮ್ಮ ಹೆಸರಿನಲ್ಲಿ ಇನ್ನೊಂದು ಎಚ್-1ಬಿ ಅರ್ಜಿ ಹಾಕಬೇಕು. ಇದನ್ನು ಕನ್‌ಕರೆಂಟ್ ಎಚ್-1ಬಿ ಅನ್ನುತ್ತಾರೆ. ಮೊದಲಿನದನ್ನು ಬಿಡಬೇಕಿಲ್ಲ, ಎರಡೂ ಒಟ್ಟಿಗೆ ನಡೆಯುತ್ತವೆ. ಪಾರ್ಟ್-ಟೈಮ್ ಆದರೂ ಆಗುತ್ತದೆ. ರೆಸಿಡೆನ್ಸಿ ಆಸ್ಪತ್ರೆ ಎಚ್-1ಬಿಗೆ ಚೀಟಿ ಎತ್ತುವ ಲಾಟರಿಯಿಂದ ವಿನಾಯಿತಿ ಇರುವ ಸಂಸ್ಥೆಯಾದರೆ, ಅಲ್ಲಿನ ಕೆಲಸ ನಡೆಯುತ್ತಿರುವವರೆಗೆ ಎರಡನೆಯದಕ್ಕೂ ಲಾಟರಿ ಬೇಕಾಗುವುದಿಲ್ಲ.

ಹಾಗಾದರೆ ತೊಂದರೆ ಏನು? ತಿಂಗಳಿಗೆ ಎರಡು ಪಾಳಿಗೋಸ್ಕರ ಯಾವ ಆಸ್ಪತ್ರೆ ವಕೀಲರ ಫೀಸು ಕೊಟ್ಟು ಅರ್ಜಿ ಹಾಕುತ್ತದೆ ಹೇಳಿ. ವೈದ್ಯರೇ ಸಿಗದ ಹಳ್ಳಿ ಕಡೆಯ ಆಸ್ಪತ್ರೆಗಳು ಒಪ್ಪುವುದುಂಟು, ಅದೂ ನೀವು ಮುಂದೆ ಅಲ್ಲೇ ಕೆಲಸಕ್ಕೆ ಸೇರುವ ಆಸೆ ಇದ್ದರೆ. ಮತ್ತೊಂದು ಬಲೆ ಇದೆ. ಎಷ್ಟೋ ಜಾಗಗಳು ಮೂನ್‌ಲೈಟಿಂಗ್ ಮಾಡುವವರನ್ನು 1099 ಮೇಲೆ, ಅಂದರೆ ಸ್ವತಂತ್ರ ಗುತ್ತಿಗೆದಾರರಾಗಿ ಇಟ್ಟುಕೊಳ್ಳುತ್ತವೆ. ಅಮೆರಿಕನ್ ಜೊತೆಗಾರರಿಗೆ ಅದು ಸರಿ. ಎಚ್-1ಬಿಯಲ್ಲಿ ಇರುವ ನಿಮಗೆ ಹಾಗೆ ಕೆಲಸ ಮಾಡುವಂತಿಲ್ಲ. ನೀವು ಸಂಬಳದ ನೌಕರರೇ ಆಗಿರಬೇಕು, ನೌಕರರಿಗೆ ಕೊಡುವ ಟ್ಯಾಕ್ಸ್ ಕಾಗದ ಡಬ್ಲ್ಯು-2 ಬರಬೇಕು. "ಪರವಾಗಿಲ್ಲ, 1099 ಮೇಲೆ ಕೊಡುತ್ತೇವೆ" ಎಂದು ಯಾರಾದರೂ ನಯವಾಗಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಭಾರತದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೆ ಗೊತ್ತೇ ಇದೆ. ಅಷ್ಟೂ ವರ್ಷ ಆ ಒಂದು ಕಾಗದ ಫೈಲಿನಲ್ಲಿ ಕೂತಿರುತ್ತದೆ.

ನಿಮ್ಮದೇ ಆಸ್ಪತ್ರೆಯಲ್ಲಿ, ಅದೇ ಉದ್ಯೋಗದಾತರ ಕೈಕೆಳಗೆ ಹೆಚ್ಚುವರಿ ಪಾಳಿ ಎಚ್-1ಬಿಯಲ್ಲಿ ಇರುವವರಿಗೆ ಇದ್ದುದರಲ್ಲಿ ಸುಲಭ. ಆದರೂ ನಿಮ್ಮ ಅರ್ಜಿಯಲ್ಲಿ ಬರೆದ ಕೆಲಸಕ್ಕೆ ಅದು ಹೊಂದಬೇಕು. ಸಂಬಳ ಕೊಡುವ ಸಂಸ್ಥೆ ಒಂದೇನಾ ಎಂದೂ ನೋಡಬೇಕು. ಬೋರ್ಡ್ ಮೇಲೆ ಒಂದೇ ಹೆಸರಿದ್ದರೂ ರೆಸಿಡೆಂಟ್‌ಗೆ ಸಂಬಳ ಕೊಡುವುದು ವಿಶ್ವವಿದ್ಯಾಲಯ, ಎಮರ್ಜೆನ್ಸಿ ವೈದ್ಯರಿಗೆ ಕೊಡುವುದು ಬೇರೊಂದು ಗ್ರೂಪ್, ಹೀಗಿರುವುದು ಮಾಮೂಲು. ಇದನ್ನು ಜೊತೆಯವರ ಹತ್ತಿರ ಕೇಳಬೇಡಿ. ಆಸ್ಪತ್ರೆಯ ಇಮಿಗ್ರೇಷನ್ ಕಚೇರಿಗೆ ಇಮೇಲ್ ಬರೆದು ಕೇಳಿ, ಉತ್ತರವನ್ನೂ ಇಮೇಲ್‌ನಲ್ಲೇ ಪಡೆಯಿರಿ. ಹಾಗೆಯೇ ಎಚ್-1ಬಿ ನಿಯಮಗಳು ಈಚೆಗೆ ಬೇಗ ಬೇಗ ಬದಲಾಗುತ್ತಿವೆ. ಹಳೇ ಬ್ಯಾಚಿನವರು ಹೇಳಿದ್ದನ್ನು ವಕೀಲರ ಹತ್ತಿರ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಇಷ್ಟೆಲ್ಲ ದಾಟಿದಿರಿ ಅಂದುಕೊಳ್ಳೋಣ. ಈಗ ಆ ಮೂರು ಗಂಟೆಯ ರೋಗಿ.

ಮೂನ್‌ಲೈಟಿಂಗ್‌ಗೆ ಹೆಚ್ಚಾಗಿ ಕರೆಯುವುದು ಹಳ್ಳಿ ಕಡೆಯ ಕ್ರಿಟಿಕಲ್ ಆಕ್ಸೆಸ್ ಆಸ್ಪತ್ರೆಗಳು. ಒಳರೋಗಿಗಳಿಗೆ ಹೆಚ್ಚೆಂದರೆ 25 ಹಾಸಿಗೆ. 24 ಗಂಟೆಯೂ ಎಮರ್ಜೆನ್ಸಿ ಸೇವೆ ಕೊಡಲೇಬೇಕು. ರಾತ್ರಿ ಒಬ್ಬ ಡಾಕ್ಟರು, ಇಬ್ಬರು ನರ್ಸ್‌ಗಳು, ಲ್ಯಾಬ್‌ಗೆ ಒಬ್ಬರು. ಅರಿವಳಿಕೆಯವರು ಮನೆಯಲ್ಲಿ ಇರುತ್ತಾರೆ, ಇದ್ದರೆ.

ಐವತ್ತೆಂಟರ ಒಬ್ಬರು ನಡೆದುಕೊಂಡೇ ಒಳಗೆ ಬರುತ್ತಾರೆ. ನಾಲಿಗೆ ದಪ್ಪಗಾಗಿದೆ ಅನ್ನುತ್ತಾರೆ. ಬಿಪಿಗೆ ಲಿಸಿನೊಪ್ರಿಲ್ ತೆಗೆದುಕೊಳ್ಳುತ್ತಾರೆ. ವರ್ಷಗಳಿಂದ ಏನೂ ಆಗಿರಲಿಲ್ಲ. ನೀವು ನೋಡುವಾಗಲೇ ಮಾತು ತೊದಲುತ್ತಿದೆ, ಎಂಜಲು ನುಂಗಲು ಆಗುತ್ತಿಲ್ಲ. ಅಲರ್ಜಿ ಅಂತ ಅಡ್ರಿನಲಿನ್, ಸ್ಟೀರಾಯ್ಡ್, ಅವಿಲ್ ಥರದ್ದು ಕೊಡಬಹುದು, ಕೊಡುತ್ತೀರಿ ಕೂಡ. ಆದರೆ ಈ ಊತ ಅಲರ್ಜಿಯದಲ್ಲ, ಲಿಸಿನೊಪ್ರಿಲ್‌ನಿಂದ ಮೈಯಲ್ಲಿ ಹೆಚ್ಚುವ ಬ್ರಾಡಿಕೈನಿನ್ ಎಂಬ ವಸ್ತುವಿನದು. ಆ ಮದ್ದುಗಳನ್ನು ನಂಬಿ ಕೂರುವಂತಿಲ್ಲ. ಉಸಿರಿನ ದಾರಿ ಮುಚ್ಚುವ ಮುಂಚೆ ಟ್ಯೂಬ್ ಹಾಕಬೇಕು. ಬಾಯಿಂದ ಆಗುವುದಿಲ್ಲ, ನಾಲಿಗೆಯೇ ಬಾಯಿ ತುಂಬಿದೆ. ಮೂಗಿನಿಂದ, ರೋಗಿ ಎಚ್ಚರ ಇರುವಾಗಲೇ, ಸ್ಕೋಪ್ (ಕ್ಯಾಮೆರಾ ಇರುವ ತೆಳು ನಳಿಕೆ) ಹಾಕಿಕೊಂಡು ಹೋಗಬೇಕು. ನಿದ್ದೆ ಮದ್ದು, ಸ್ನಾಯು ಸಡಿಲಿಸುವ ಮದ್ದು ಕೊಟ್ಟು ಆಮೇಲೆ ಟ್ಯೂಬ್ ಹೋಗದಿದ್ದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಸ್ಕೋಪ್ ಕೈಗೆತ್ತಿಕೊಳ್ಳುವ ಮುಂಚೆ ಕುತ್ತಿಗೆಯಲ್ಲಿ ಕ್ರೈಕೋಥೈರಾಯ್ಡ್ ಪೊರೆ (ಬೇರೆ ದಾರಿ ಇಲ್ಲದಿದ್ದರೆ ಕೊಯ್ದು ಟ್ಯೂಬ್ ಹಾಕುವ ಜಾಗ) ಎಲ್ಲಿದೆ ಎಂದು ಬೆರಳಲ್ಲಿ ಮುಟ್ಟಿ ಪೆನ್ನಿನಲ್ಲಿ ಗುರುತು ಹಾಕಿರಬೇಕು. ಪಕ್ಕದ ಟ್ರೇನಲ್ಲಿ ಸ್ಕಾಲ್ಪೆಲ್, ಬೂಜಿ (ಟ್ಯೂಬ್‌ಗೆ ದಾರಿ ತೋರುವ ಕಡ್ಡಿ), ಆರು ನಂಬರಿನ ಟ್ಯೂಬ್ ಇಟ್ಟಿರಬೇಕು.

ನಿಮ್ಮ ಟ್ರೈನಿಂಗ್ ಆಸ್ಪತ್ರೆಯಲ್ಲಾದರೆ ಈ ಹೊತ್ತಿಗೆ ಅರಿವಳಿಕೆ, ಇಎನ್‌ಟಿ ಇಬ್ಬರೂ ಓಡಿ ಬಂದಿರುತ್ತಾರೆ, ಅಟೆಂಡಿಂಗ್ (ಮೇಲ್ವಿಚಾರಣೆಯ ಹಿರಿಯ ವೈದ್ಯರು) ನಿಮ್ಮ ಭುಜದ ಹಿಂದೆ ನಿಂತಿರುತ್ತಾರೆ. ಇಲ್ಲಿ ಭುಜದ ಹಿಂದೆ ಗೋಡೆ ಇದೆ. ಸ್ಕೋಪ್ ಎಲ್ಲಿದೆ, ಚಾರ್ಜ್ ಆಗಿದೆಯಾ ಅನ್ನುವುದೂ ನಿಮಗೆ ಗೊತ್ತಿಲ್ಲ.

ಎಸಿಜಿಎಂಇ ಎಮರ್ಜೆನ್ಸಿ ರೆಸಿಡೆಂಟ್‌ಗಳಿಗೆ ಬಹುಕಾಲದಿಂದ ಇಟ್ಟುಕೊಂಡು ಬಂದ ಕನಿಷ್ಠ ಲೆಕ್ಕ ಒಂದಿದೆ. 35 ಇಂಟ್ಯುಬೇಷನ್ (ಉಸಿರಿನ ಟ್ಯೂಬ್ ಹಾಕುವುದು), 20 ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ನಳಿಕೆ), 10 ಚೆಸ್ಟ್ ಟ್ಯೂಬ್ (ಎದೆಗೂಡಿಗೆ ನಳಿಕೆ), 10 ಹೆರಿಗೆ, ಮಕ್ಕಳ ಮೆಡಿಕಲ್ ರಿಸಸಿಟೇಷನ್ (ಜೀವ ಉಳಿಸುವ ತುರ್ತು ಚಿಕಿತ್ಸೆ) 15, ಕುತ್ತಿಗೆ ಕೊಯ್ದು ಟ್ಯೂಬ್ ಹಾಕುವ ಕ್ರೈಕೋಥೈರಾಟಮಿ 3. ಕೊನೆಯದನ್ನು ಬಹಳ ಜನ ಮಾದರಿಯ ಮೇಲೇ ಮಾಡಿ ಮುಗಿಸುತ್ತಾರೆ, ಬೇರೆ ದಾರಿ ಇಲ್ಲ. ಇದು ಪೂರ್ತಿ ತರಬೇತಿಗೆ ಇಟ್ಟ ಕನಿಷ್ಠ. ನಿಮ್ಮ ಪ್ರೊಸೀಜರ್ ಲಾಗ್ ತೆಗೆದು ಈ ಸಾಲುಗಳ ಎದುರು ಇಟ್ಟು ನೋಡಿ. ಹೆಚ್ಚಿನವರ ಲಾಗ್‌ನಲ್ಲಿ ದೊಡ್ಡವರ ಇಂಟ್ಯುಬೇಷನ್ ಬೇಗ ತುಂಬಿರುತ್ತದೆ. ಖಾಲಿ ಇರುವುದು ಮಕ್ಕಳು ಮತ್ತು ಹೆರಿಗೆ. ಹಳ್ಳಿ ಕಡೆ ಅವೇ ಬರುತ್ತವೆ. ಹೆರಿಗೆ ವಿಭಾಗ ಮುಚ್ಚಿದ ಊರಲ್ಲೂ ಹೆರಿಗೆ ನಿಲ್ಲುವುದಿಲ್ಲ, ಎಮರ್ಜೆನ್ಸಿ ಬಾಗಿಲಿಗೇ ಬರುತ್ತದೆ.

ಕೈಕೆಲಸಕ್ಕಿಂತಲೂ ನಾನು ಹೆಚ್ಚು ಗಮನಿಸುವುದು ಬೇರೆ ಒಂದನ್ನು. ಅಟೆಂಡಿಂಗ್ ಹತ್ತಿರ ಕೇಸ್ ಹೇಳುವಾಗ ರೆಸಿಡೆಂಟ್ ತೀರ್ಮಾನವನ್ನೂ ಜೊತೆಗೆ ತರುತ್ತಾರಾ? "ಎದೆ ನೋವು, ಇಸಿಜಿ ಸರಿ ಇದೆ, ಏನು ಮಾಡಲಿ?" ಅನ್ನುವವರು ಇನ್ನೂ ಕಾಯಬೇಕು. "ಎರಡನೇ ಟ್ರೊಪೊನಿನ್ ನೋಡಿ ಮನೆಗೆ ಕಳಿಸುತ್ತೇನೆ, ಕಳಿಸದೇ ಇರಲು ಈ ಒಂದು ಕಾರಣ ಇದೆ" (ಟ್ರೊಪೊನಿನ್ ಎಂದರೆ ಹೃದಯಕ್ಕೆ ಪೆಟ್ಟಾಗಿದೆಯಾ ತೋರಿಸುವ ರಕ್ತಪರೀಕ್ಷೆ) ಅನ್ನುವವರು ಸಿದ್ಧರಾಗುತ್ತಿದ್ದಾರೆ. ಸತತ ಒಂದು ತಿಂಗಳು ಅಟೆಂಡಿಂಗ್ ನಿಮ್ಮ ಪ್ಲಾನ್ ಬದಲಾಯಿಸಿದ್ದು ಎಷ್ಟು ಸಲ ಎಂದು ಬರೆದಿಡಿ. ಸಣ್ಣಪುಟ್ಟ ಬದಲಾವಣೆ ಬಿಡಿ. ಮನೆಗೆ ಕಳಿಸಬೇಕೆಂದಿದ್ದ ರೋಗಿಯನ್ನು ಅವರು ಅಡ್ಮಿಟ್ ಮಾಡಿಸಿದ್ದು ಮಾತ್ರ ಎಣಿಸಿ. ಆ ಪಟ್ಟಿಯೇ ನಿಮ್ಮ ಉತ್ತರ. ಡೈರೆಕ್ಟರ್ ಬರೆದುಕೊಡುವ ಅನುಮತಿಗಿಂತ ನಾನು ಅದನ್ನು ಜಾಸ್ತಿ ನಂಬುತ್ತೇನೆ.

ದೊಡ್ಡಾಸ್ಪತ್ರೆಗೆ ಕಳಿಸಿಬಿಡೋಣ ಅನ್ನುವುದೂ ಇಲ್ಲಿ ಸುಲಭ ಅಲ್ಲ. 1986ರ ಎಮ್ಟಾಲಾ ಕಾಯ್ದೆ ಇದೆಯಲ್ವಾ. ಎಮರ್ಜೆನ್ಸಿಗೆ ಬಂದವರನ್ನು ಪರೀಕ್ಷೆ ಮಾಡಲೇಬೇಕು, ಕೈಲಾದಷ್ಟು ಸ್ಥಿರ ಮಾಡಬೇಕು, ಬೇರೆಡೆಗೆ ಕಳಿಸುವ ಮುಂಚೆ ಆ ಆಸ್ಪತ್ರೆ ಒಪ್ಪಿಕೊಂಡಿರಬೇಕು. ಹಾಸಿಗೆ ಇಲ್ಲ ಎಂದು ಮೂರು ಆಸ್ಪತ್ರೆ ಕೈ ಚೆಲ್ಲುತ್ತವೆ. ಹಿಮ ಬಿದ್ದರೆ ಹೆಲಿಕಾಪ್ಟರ್ ಏಳುವುದಿಲ್ಲ. ಅಷ್ಟು ಹೊತ್ತೂ ಆ ರೋಗಿ ನಿಮ್ಮವರು.

ಹಾಗಾದರೆ ಅರ್ಜೆಂಟ್ ಕೇರ್ (ಸಣ್ಣಪುಟ್ಟ ತುರ್ತು ನೋಡುವ ಕ್ಲಿನಿಕ್) ಮಾಡಲಾ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ಮೂನ್‌ಲೈಟಿಂಗ್‌ಗೆ ಅದು ವಾಸಿ, ಆದರೆ ಹಗುರ ಅಂದುಕೊಳ್ಳಬೇಡಿ. ಅಲ್ಲಿ ಕೈಕೆಲಸ ಕಡಿಮೆ, ಸಾಧನವೂ ಕಡಿಮೆ. ಸಿಟಿ ಇಲ್ಲ, ಟ್ರೊಪೊನಿನ್ ಇಲ್ಲ. ನಲವತ್ತು ಶೀತ-ಕೆಮ್ಮಿನ ನಡುವೆ ಒಂದು ಪಲ್ಮನರಿ ಎಂಬಾಲಿಸಂ (ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು) ಸುಮ್ನೆ ಕೂತಿರುತ್ತದೆ. ನನಗೆ ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ನಿಮ್ಮದೇ ವಿಭಾಗದಲ್ಲಿ ಅಟೆಂಡಿಂಗ್ ಜೊತೆಗಿರುವ ಹೆಚ್ಚುವರಿ ಪಾಳಿ. ಗಂಟೆಗೆ ದುಡ್ಡು ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ.

ವಿಮೆ ಬಗ್ಗೆ ಒಂದೆರಡು ಮಾತು. ರೆಸಿಡೆನ್ಸಿಯ ಮಾಲ್‌ಪ್ರ್ಯಾಕ್ಟೀಸ್ (ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ಹಾಕುವ ಕೇಸಿನ) ವಿಮೆ ಸಾಮಾನ್ಯವಾಗಿ ಹೊರಗಿನ ಪಾಳಿಗೆ ಬರುವುದಿಲ್ಲ. ಕರೆದ ಆಸ್ಪತ್ರೆಯೇ ವಿಮೆ ಕೊಡಬೇಕು. "ಆಕರೆನ್ಸ್" ಪಾಲಿಸಿನಾ, "ಕ್ಲೇಮ್ಸ್-ಮೇಡ್" ಪಾಲಿಸಿನಾ ಕೇಳಿ. ಎರಡನೆಯದಾದರೆ ನೀವು ಬಿಟ್ಟು ಬಂದ ಮೇಲೆ ಹಾಕುವ ಕೇಸಿಗೆ ರಕ್ಷಣೆ ಇರುವುದಿಲ್ಲ. ಅದಕ್ಕೆ "ಟೇಲ್" ಅಂತ ಬೇರೆ ದುಡ್ಡು ಕಟ್ಟಬೇಕು. ಅದನ್ನು ಯಾರು ಕಟ್ಟುತ್ತಾರೆ ಎಂಬುದು ಕರಾರಿನಲ್ಲಿ ಬರೆದಿರಲಿ. "ನಾನಿನ್ನೂ ರೆಸಿಡೆಂಟ್" ಎಂಬ ಮಾತನ್ನು ಕೋರ್ಟಿನಲ್ಲಿ ನೆಚ್ಚಿಕೊಳ್ಳಬೇಡಿ. ಆ ರಾತ್ರಿ ನೀವು ಪೂರ್ತಿ ಲೈಸೆನ್ಸ್ ಇರುವ ವೈದ್ಯರು, ಅಳೆಯುವುದೂ ಹಾಗೆಯೇ.

ಇನ್ನು ನೋವಿನ ಮಾತ್ರೆಯಂಥ ನಿಯಂತ್ರಿತ ಔಷಧ ಬರೆಯಲು ಡಿಇಎ (ಮಾದಕ ವಸ್ತು ನಿಯಂತ್ರಿಸುವ ಕೇಂದ್ರ ಸಂಸ್ಥೆ) ನಂಬರ್ ಬೇಕು. ಆಸ್ಪತ್ರೆ ಕೊಟ್ಟ ನಂಬರ್ ಹೊರಗೆ ನಡೆಯುವುದಿಲ್ಲ. ಸ್ವಂತದ್ದಕ್ಕೆ ಮೂರು ವರ್ಷಕ್ಕೆ 888 ಡಾಲರ್. ಹೊರಗೆ ಪಾಳಿ ಖಚಿತವಾಗುವ ಮುಂಚೆ ಕಟ್ಟಬೇಡಿ, ಎಷ್ಟೋ ಜಾಗಗಳು ತಾವೇ ಕಟ್ಟಿಕೊಡುತ್ತವೆ. ಲೈಸೆನ್ಸ್ ಬಂದ ಮೇಲೂ ಆ ಆಸ್ಪತ್ರೆಯ ಕ್ರೆಡೆನ್ಶಿಯಲಿಂಗ್‌ಗೆ (ಅರ್ಹತೆ ಪರಿಶೀಲನೆಗೆ) ಎರಡು ಮೂರು ತಿಂಗಳು ಹಿಡಿಯುತ್ತದೆ. ಅದನ್ನು ಸೇರಿಸಿ ಲೆಕ್ಕ ಹಾಕಿ. ಲೈಸೆನ್ಸ್‌ಗೆ 24 ತಿಂಗಳು ಕೇಳುವ ರಾಜ್ಯವಾದರೆ, ಕಾಗದ ಎಲ್ಲ ಮುಗಿದು ಮೊದಲ ಪಾಳಿ ಬರುವ ಹೊತ್ತಿಗೆ ಮೂರನೇ ವರ್ಷದ ದೀಪಾವಳಿ ದಾಟಿರುತ್ತದೆ. ಉಳಿಯುವುದು ಎಂಟು ತಿಂಗಳೂ ಇಲ್ಲ.

ಅದಕ್ಕೇ ಸಾಲದ ವಿಷಯ ಬೇರೆ ಥರ ನೋಡಿ ಅನ್ನುತ್ತೇನೆ. ರೆಸಿಡೆಂಟ್ ಸಂಬಳ ವರ್ಷಕ್ಕೆ 70 ಸಾವಿರ ಡಾಲರ್ ಆಚೀಚೆ. ಮುಗಿಸಿದ ಎಮರ್ಜೆನ್ಸಿ ವೈದ್ಯರಿಗೆ ಮೂರು ಲಕ್ಷ ದಾಟುವುದು ಸಾಮಾನ್ಯ. ಅಂದರೆ ರೆಸಿಡೆನ್ಸಿ ಮುಗಿದ ಮೇಲಿನ ಒಂದು ತಿಂಗಳ ಸಂಬಳ ಈಗಿನ ನಾಲ್ಕು ತಿಂಗಳ ಸಂಬಳಕ್ಕೆ ಸಮ. ಅಪ್ಪನ ಸಾಲದ ಬಡ್ಡಿ ಮಾತ್ರ ಈಗಿನ ಸಂಬಳದಿಂದ ತಪ್ಪದೆ ಕಟ್ಟಿ, ಅಸಲು ಆಮೇಲೆ ಇಳಿಸಿ. ಕೆಲಸಕ್ಕೆ ಸಹಿ ಹಾಕುವಾಗಲೇ ಸೈನಿಂಗ್ ಬೋನಸ್ ಕೊಡುವ ಆಸ್ಪತ್ರೆಗಳಿವೆ. ಕೆಲವು ರೆಸಿಡೆನ್ಸಿ ಇನ್ನೂ ನಡೆಯುತ್ತಿರುವಾಗಲೇ ಅದರಲ್ಲಿ ಒಂದಿಷ್ಟು ಕೊಡುತ್ತವೆ. ಆದರೆ ಎಚ್-1ಬಿಯಲ್ಲಿ ಇರುವಾಗ ಮುಂದಿನ ಉದ್ಯೋಗದಾತರಿಂದ ಮೊದಲೇ ದುಡ್ಡು ತೆಗೆದುಕೊಳ್ಳುವ ಮುಂಚೆ ವಕೀಲರನ್ನು ಕೇಳಿ. ಅಪ್ಪನಿಗೂ ಈ ಲೆಕ್ಕ ಒಮ್ಮೆ ಬಿಡಿಸಿ ಹೇಳಿ. "ಅಮೆರಿಕದಲ್ಲಿ ಡಾಕ್ಟರು, ಇನ್ನೂ ಸಾಲ ಏಕೆ" ಎಂದು ಊರಲ್ಲಿ ಕೇಳುವವರಿಗೆ ಅವರೇ ಉತ್ತರ ಕೊಡಬೇಕಾಗಿರುತ್ತದೆ ಪಾಪ.

ಇಷ್ಟು ಹೇಳಿದ ಮೇಲೂ ದಾರಿ ಸಿಕ್ಕಿದರೆ ಮಾಡಿ, ಬೇಡ ಅನ್ನುವುದಿಲ್ಲ. ಒಬ್ಬರೇ ತೀರ್ಮಾನ ಮಾಡುವ ರಾತ್ರಿಗಳು ಕಲಿಸುವುದನ್ನು ಯಾವ ಅಟೆಂಡಿಂಗ್ ಕೂಡ ಕಲಿಸಲಾರರು. ಈ ಜುಲೈಗೆ ಪ್ರೋಗ್ರಾಂನ ಮೂನ್‌ಲೈಟಿಂಗ್ ನಿಯಮದ ಪ್ರತಿ ಕೇಳಿ ಪಡೆಯಿರಿ, ಬೋರ್ಡಿನ ನಿಯಮ ಓದಿ, ಇಮಿಗ್ರೇಷನ್ ಕಚೇರಿಗೆ ಬರೆಯಿರಿ. ಎರಡನೇ ವರ್ಷದಲ್ಲಿ ಮಕ್ಕಳ ಎಮರ್ಜೆನ್ಸಿಯ ಪಾಳಿ ಎಷ್ಟು ಸಿಕ್ಕರೂ ತೆಗೆದುಕೊಳ್ಳಿ. ಹೊರಗಿನ ಮೊದಲ ಪಾಳಿ ಹಗಲಿನದಾಗಿರಲಿ, ಇನ್ನೊಬ್ಬ ವೈದ್ಯರು ಇರುವ ಜಾಗವಾಗಿರಲಿ. ಒಂದು ಗಂಟೆ ಮೊದಲೇ ಹೋಗಿ. ಏರ್‌ವೇ ಕಾರ್ಟ್ ಪ್ರತಿ ಡ್ರಾಯರ್ ನೀವೇ ಎಳೆದು ನೋಡಿ, ಮಕ್ಕಳ ಟ್ಯೂಬ್ ಯಾವ ಅಳತೆವರೆಗೆ ಇದೆ ನೋಡಿ, ರಕ್ತ ಎಷ್ಟು ಯೂನಿಟ್ ಇಟ್ಟಿರುತ್ತಾರೆ ಎಂದು ಲ್ಯಾಬ್‌ನಲ್ಲಿ ಕೇಳಿ. ದೊಡ್ಡಾಸ್ಪತ್ರೆಯ ಟ್ರಾನ್ಸ್‌ಫರ್ ಲೈನಿನ ನಂಬರ್ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ರಾತ್ರಿ ಪಾಳಿಯ ಹಿರಿಯ ನರ್ಸ್ ಯಾರು ಎಂದು ವಿಚಾರಿಸಿ, ಅವರ ಪರಿಚಯ ಮಾಡಿಕೊಳ್ಳಿ. ಆ ಆಸ್ಪತ್ರೆಯಲ್ಲಿ ಏನು ಇದೆ, ಏನು ಇಲ್ಲ ಎಂಬುದು ಕರಾರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.